ಚಪ್ಪಲಿ ಬಿಟ್ಟು ಹತ್ತುವ ಗಾಡಿ

ಇಲ್ಲಿ ಬರೆಯುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಊಟಕ್ಕೆ ಕೂತಾಗ ಕಿವಿಗೆ ಬಿದ್ದದ್ದು, ಎಷ್ಟು ಹೇಳಿ ಹೇಳಿ ನಾನೇ ಬೆಳೆಸಿದ್ದು ಎಂಬುದು ನನಗೆ ಖಚಿತವಿಲ್ಲ. ಧಾರವಾಡದಲ್ಲಿ ಇತಿಹಾಸ ಓದುವಾಗ ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಕಲಿಸಿದ್ದರು. ನನ್ನ ತೊಂದರೆ ಏನೆಂದರೆ, ಇದರಲ್ಲಿ ಬಹಳಷ್ಟಕ್ಕೆ ಇರುವ ಒಂದೇ ಸಾಕ್ಷಿ ನಾನು. ಆ ಸಾಕ್ಷಿಯ ಯೋಗ್ಯತೆ ನನಗೆ ಚೆನ್ನಾಗಿ ಗೊತ್ತು. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಲಡಾಖಿನ ಬೆಟ್ಟ ಹತ್ತಲೆಂದೇ ಮಾಡಿದ ಬೈಕನ್ನು ಬರಿಗಾಲಲ್ಲಿ ಓಡಿಸುವ ಮನುಷ್ಯನನ್ನು ಕುಮಟೆಯಿಂದ ಭಟ್ಕಳದ ತನಕ ಹುಡುಕಿದರೆ ಸಿಗುವುದು ನನ್ನ ಸೋದರಮಾವ ಒಬ್ಬರೇ.

ಮಾವನ ಮನೆ ಹಳದೀಪುರದಲ್ಲಿ, ಹೆದ್ದಾರಿಯಲ್ಲಿ ಬಸ್ಸು ಹಾರ್ನ್ ಹೊಡೆದರೆ ಅಡುಗೆಮನೆಗೆ ಕೇಳುವಷ್ಟು ಹತ್ತಿರ. ಮೂವತ್ತು ವರ್ಷ ಅವರು ಹೊನ್ನಾವರದ ಬಂದರಿನಿಂದ ಹೊರಡುವ ಮೀನಿನ ಬೋಟಿನಲ್ಲಿ ತಾಂಡೇಲರಾಗಿದ್ದರು. ತಾಂಡೇಲ ಎಂದರೆ ಬೋಟು ನಡೆಸುವವ; ಬೋಟು ಯಾರದ್ದೇ ಆಗಿರಲಿ, ನೀರಿಗಿಳಿದ ಮೇಲೆ ಅವನದೇ ಮಾತು. ಅರವತ್ತು ತುಂಬಿ ಬೋಟು ಬಿಟ್ಟಾಗ, ಇನ್ನು ಇವರು ಜಗಲಿಯ ಮೇಲೆ ಕೂತು ಬಲೆ ರಿಪೇರಿ ಮಾಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರು ಕುಮಟೆಗೆ ಹೋಗಿ ಈ ಗಾಡಿ ತಂದರು. ಎಂಥ ಗಾಡಿ! ಮುಂದೆ ಗಾಳಿ ತಡೆಯುವ ಗಾಜು, ಎರಡೂ ಬದಿಗೆ ಅರ್ಧ ಮೂಟೆ ಅಕ್ಕಿ ಹಿಡಿಯುವ ತಗಡಿನ ಪೆಟ್ಟಿಗೆ, ಮಾವ ಜಗಲಿಯ ಮೆಟ್ಟಿಲಿಗೆ ತಂದು ನಿಲ್ಲಿಸದೆ ಹತ್ತಲಾಗದಷ್ಟು ಎತ್ತರ.

ಯಾಕೆ ತಂದರು ಎಂಬುದು ಗುಟ್ಟೇನಲ್ಲ. ಸಮುದ್ರದಿಂದ ನೋಡುವವರಿಗೆ ದಡವೆಂದರೆ ಗುಡ್ಡಗಳ ಸಾಲು. ಈ ಗುಡ್ಡ ಕಂಡರೆ ಮಂಕಿ, ಆ ಬೋಳುಗುಡ್ಡದ ಎಡಕ್ಕೆ ಮನೆ, ಹೀಗೆ ಲೆಕ್ಕ ಹಾಕಿಕೊಂಡೇ ಮಾವ ಮೂವತ್ತು ವರ್ಷ ದಡ ಸೇರಿದ್ದು. ಆ ಗುಡ್ಡಗಳನ್ನು ಒಂದೊಂದಾಗಿ ಅತ್ತೆಗೆ ತೋರಿಸಬೇಕು, ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಭಟ್ಕಳಕ್ಕೆ ಹೋಗಿ ಬರಬೇಕು. ಇಷ್ಟೇ ಅವರ ಆಸೆ.

“ಇವ್ಳು ದಡದಲ್ಲಿ ನಿಂತು ಸಮುದ್ರ ನೋಡಿದ್ಲು, ನಾನು ಸಮುದ್ರದಿಂದ ದಡ ನೋಡ್ದೆ. ಒಂದ್ಸಲ ಇಬ್ರೂ ಒಂದೇ ಬದಿಂದ ನೋಡ್ವ ಅಂತ, ತಮಾ,” ಎಂದಿದ್ದರು ನನ್ನ ಬಳಿ.

ಲಡಾಖಿನ ಗಾಡಿಗೆ ಇದಕ್ಕಿಂತ ಚಿಕ್ಕ ಕೆಲಸ ಯಾರಾದರೂ ಹೇಳಿದ್ದಾರೆಯೇ? ಆದರೆ ಮೂರು ವರ್ಷ ಅದು ಆಗಲಿಲ್ಲ. ತಪ್ಪು ಪೂರ್ತಿ ಮಾವನದೇ.

ಏನಾಯಿತೆಂದರೆ, ಗಾಡಿ ಮನೆಗೆ ಬಂದ ದಿನವೇ ಅವರು ಅದನ್ನು ಬೋಟು ಮಾಡಿಬಿಟ್ಟರು. ಹೊಸ ಬೋಟಿಗೆ ಮಾಡುವ ಹಾಗೆಯೇ ಪೂಜೆ ಆಯಿತು. ಬೋಟಿನ ಮೂತಿಗೆ ಹಾಕುವಂತೆ ಗಾಜಿಗೆ ಹೂವಿನ ಮಾಲೆ ಬಂತು. ಮುಂದಿನದು ಚಪ್ಪಲಿ. ನಮ್ಮ ಕಡೆ ಬೋಟಿಗೆ ಚಪ್ಪಲಿ ಹಾಕಿಕೊಂಡು ಹತ್ತುವುದಿಲ್ಲ. ಅನ್ನ ಕೊಡುವ ಜಾಗ ಅದು. ಮಾವ ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು, ಗಾಡಿಯ ಟ್ಯಾಂಕು ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಗೇರು ಹಾಕಿ ಹೊರಟರು. ತಲೆಗೆ ಮಾತ್ರ ದೊಡ್ಡ ಹೆಲ್ಮೆಟ್. ಹೊನ್ನಾವರದ ಸೇತುವೆಯ ಹತ್ತಿರ ಪೊಲೀಸರೊಬ್ಬರು ನಿಲ್ಲಿಸಿ, ಕಾಗದಪತ್ರ ಎಲ್ಲ ನೋಡಿ, ಕೊನೆಗೆ ಕಾಲು ನೋಡಿದರಂತೆ.

“ಚಪ್ಲಿ ಎಲ್ಲಿ ಯಜಮಾನ್ರೆ?”

“ದಡದಲ್ಲಿ.”

ಪೊಲೀಸರು ಕಾಗದಪತ್ರ ಮಡಚಿ ವಾಪಸು ಕೊಟ್ಟರಂತೆ. ಇಂಥ ಉತ್ತರಕ್ಕೆ ಯಾವ ಕಲಮು ಹಾಕುವುದು?

ಬೆಳಗಿನ ಚಾಕರಿಯೂ ಬೋಟಿನದೇ. ಎದ್ದ ಕೂಡಲೇ ನಾಲ್ಕು ಕೊಡ ಸಿಹಿನೀರು ಹೊಯ್ದು ಗಾಡಿಯ ಮೈಯಿಂದ ಉಪ್ಪುಗಾಳಿಯ ಅಂಟು ತೊಳೆಯುವುದು. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಇಟ್ಟು ಕಣ್ಣುಮುಚ್ಚಿ ಕೇಳುವುದು, ಡಾಕ್ಟರು ಎದೆಗೆ ಕೊಳವೆ ಇಟ್ಟ ಹಾಗೆ. ಆಮೇಲೆ ಚೈನನ್ನು ಸೀಮೆಎಣ್ಣೆಯಲ್ಲಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಒರೆಸಿ, ಕೊಂಡಿ ಕೊಂಡಿಗೂ ಎಣ್ಣೆ ಬಿಡುವುದು. ಆ ಬ್ರಶ್ಶು ಯಾರದ್ದು ಎಂಬ ಬಗ್ಗೆ ಮನೆಯಲ್ಲಿ ಎರಡು ದಿನ ವಿಚಾರಣೆ ನಡೆದು, ಅತ್ತೆ ಹೊಸ ಬ್ರಶ್ಶನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದರು.

ಹೊರಡುವ ಹೊತ್ತನ್ನು ನಿರ್ಧರಿಸುವುದು ಗಡಿಯಾರವಲ್ಲ, ಸಮುದ್ರ. ನದಿ ಸಮುದ್ರ ಸೇರುವಲ್ಲಿ ಮರಳಿನ ದಿಬ್ಬ ಇರುತ್ತದೆ. ನೀರು ಏರಿದಾಗಲೇ ಬೋಟು ಅದನ್ನು ದಾಟಬೇಕು. ಹೆದ್ದಾರಿಯಲ್ಲಿ ಅಂಥ ದಿಬ್ಬ ಯಾವುದೂ ಇಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಕೇಳಬೇಕಲ್ಲ! ಕುಮಟೆಯಲ್ಲಿ ನಮ್ಮದೇ ಸಂಬಂಧಿಕರ ಮದುವೆ. ಮಾವ ಅಂಗಿ ಇಸ್ತ್ರಿ ಮಾಡಿಸಿ, ಗಾಡಿ ತೊಳೆದು, ನೀರು ಏರಲಿ ಎಂದು ಜಗಲಿಯಲ್ಲಿ ಕೂತರು. ಅವರು ಮುಟ್ಟುವಾಗ ಊಟದ ಕೊನೆಯ ಪಂಕ್ತಿ ಎದ್ದು ಕೈ ತೊಳೆಯುತ್ತಿತ್ತು. ಮದುಮಗನ ತಂದೆ ಬೇಸರದಿಂದ “ಎಂತ ಭಾವ, ಇಷ್ಟು ತಡ?” ಎಂದರೆ, “ಇಳಿತ ಇತ್ತು” ಎಂದು ಇವರು ಸಮಾಧಾನ ಮಾಡಿದರು.

ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ಬಂದ್. ಬೋಟುಗಳು ದಡ ಹತ್ತಿದ ದಿನವೇ ಮಾವನ ಗಾಡಿಯೂ ಹಿತ್ತಲಿನ ಶೆಡ್ಡು ಸೇರುತ್ತದೆ. ಮತ್ತೆ ಹೊರಗೆ ಬರುವುದು ನೂಲು ಹುಣ್ಣಿಮೆಗೆ, ಬೋಟಿನವರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಕಡಲಿಗೆ ಇಳಿಯುವಾಗ. ಮಾವನ ಗಾಡಿ ಇಳಿಯುವುದು ಹೆದ್ದಾರಿಗೆ. ಹಾಗಾಗಿ ಅವರು ತೆಂಗಿನಕಾಯಿಯನ್ನು ಹೆದ್ದಾರಿಗೆ ಅರ್ಪಿಸಿದರು. ಉರುಳಿಬಿಟ್ಟ ಕಾಯಿಯ ಮೇಲೆ ಮಂಗಳೂರು ಕಡೆಗೆ ಹೋಗುವ ಟ್ಯಾಂಕರು ಹಾದು ಹೋಯಿತು ಮತ್ತು ಮಾವ “ಆತು, ತಕಂತು” ಎಂದು ಕೈಮುಗಿದರು, ಇದು ನನಗೆ ನೆನಪಿರುವುದು. ಕಾಯಿ ಸೀದಾ ಚರಂಡಿಗೆ ಬಿತ್ತು, ಅದನ್ನು ಹೆಕ್ಕಿ ತಂದು ಅತ್ತೆ ಚಟ್ನಿ ಮಾಡಿದರು ಎಂದು ನನ್ನ ಅಮ್ಮ ಹೇಳುತ್ತಾಳೆ. ಚಟ್ನಿ ತಿಂದದ್ದು ನನಗೂ ನೆನಪಿದೆ. ಟ್ಯಾಂಕರು ಹಾದ ಕಾಯಿಯಿಂದ ಚಟ್ನಿ ಆಗುವುದಿಲ್ಲವಾದ್ದರಿಂದ ಇಲ್ಲಿ ಅಮ್ಮನ ಪಾಠವೇ ಸರಿಯಿರಬೇಕು.

ಎಲ್ಲಕ್ಕಿಂತ ದೊಡ್ಡದು ಮೀನೆಣ್ಣೆ ಪ್ರಕರಣ. ಮರದ ಬೋಟಿಗೆ ಮಳೆಗಾಲದಲ್ಲಿ ಮೀನೆಣ್ಣೆ ಬಳಿಯುವುದು ಹಳೆಯ ಪದ್ಧತಿ. ಗಾಡಿಗೆ ತುಕ್ಕು ಹಿಡಿಯಬಾರದೆಂದು ಮಾವ ಒಂದು ಡಬ್ಬಿ ಮೀನೆಣ್ಣೆ ತಂದು, ಕನ್ನಡಿಯ ಕಾಂಡದಿಂದ ಸೈಲೆನ್ಸರಿನ ತುದಿಯವರೆಗೆ ಬಳಿದರು. ತುಕ್ಕು ಹಿಡಿಯಲಿಲ್ಲ, ಅದು ನಿಜ. ಆದರೆ ಇಂಜಿನ್ ಕಾದಂತೆ ಹಳದೀಪುರದಿಂದ ಮಂಕಿಯ ತನಕ ಹೆದ್ದಾರಿಯ ಉದ್ದಕ್ಕೂ ಮೀನು ಹುರಿದ ವಾಸನೆ. ಬೆನ್ನ ಹಿಂದೆ ಬರುತ್ತಿದ್ದ ಬಸ್ಸಿನವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಗಿರಬೇಕು. ಭಟ್ಕಳದಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಗಾಡಿಯ ಸುತ್ತ ಏಳು ಬೆಕ್ಕುಗಳು ಸೇರಿದವು. ಎರಡೇ ಎಂದು ಮಾವನ ವಾದ. ಪಕ್ಕದ ಪಂಕ್ಚರ್ ಅಂಗಡಿಯ ಭಾಯಿ ಕೈ ಒರೆಸಿಕೊಳ್ಳುತ್ತ ಬಂದು ಮೂಸಿ ನೋಡಿದರು.

“ಕ್ಯಾ ಮಾಮು, ಸರ್ವಿಸಿಗೆ ಬಂದದ್ದಾ, ಮಸಾಲೆ ಹಾಕ್ಸ್ಲಿಕ್ಕೆ ಬಂದದ್ದಾ?”

“ಎಂತ ಮಾಡುದು ಭಾಯಿ, ಉಪ್ಪುಗಾಳಿ.”

“ಉಪ್ಪು ಆಯ್ತಲ್ಲ. ಖಾರ ಒಂದು ಬಾಕಿ.”

ಇಷ್ಟೆಲ್ಲ ಆಗುವಾಗ ಹಿಂದಿನ ಸೀಟು ಖಾಲಿಯೇ ಇತ್ತು. ಕಂಪನಿಯವರು ಹಾಕಿದ್ದ ಪ್ಲಾಸ್ಟಿಕ್ ಹೊದಿಕೆಯನ್ನೂ ಮಾವ ತೆಗೆದಿರಲಿಲ್ಲ. ನನ್ನನ್ನೂ ಕೂರಿಸುತ್ತಿರಲಿಲ್ಲ. “ಅದು ಆಗುದಿಲ್ಲ ತಮಾ, ಮೊದ್ಲು ಅವ್ಳು,” ಎನ್ನುತ್ತಿದ್ದರು. ತಿಂಗಳಿಗೊಮ್ಮೆಯಾದರೂ ಅತ್ತೆಯನ್ನು ಕರೆಯುತ್ತಿದ್ದರು. ಆ ಸಂಭಾಷಣೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಇದೊಂದರಲ್ಲಿ ನನ್ನ ನೆನಪಿನ ಮೇಲೆ ನನಗೆ ಅನುಮಾನವಿಲ್ಲ.

“ನಾಳೆ ಭಟ್ಕಳಕ್ಕೆ ಹೋಗ್ವ. ಬತ್ಯಾ?”

“ಎಂತದ್ರಲ್ಲಿ?”

“ಗಾಡಿಲಿ.”

“ಅದು ಗಾಡಿ ಅಲ್ಲ, ಬೋಟು. ಹೆಂಗಸ್ರು ಬೋಟ್ ಹತ್ತುಕಾಗ. ನೀವೇ ಹೇಳಿದ್ದು.”

“ಅದು ಸಮುದ್ರದ ಮಾತು ಮಾರಾಯ್ತಿ.”

“ಹಂಗಾರೆ ಚಪ್ಲಿ ಹಾಕಂಡು ಹತ್ತಿ. ಆಗ ನಾನೂ ಬತ್ತೆ.”

ಇದು ಬರಿಯ ತಮಾಷೆಯಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಬಂದರಿಗೆ ಬುತ್ತಿ ಕೊಡಲು ಹೋಗಿ, ಬೋಟು ನೋಡುವ ಆಸೆಗೆ ಹಲಗೆಯ ಮೇಲೆ ಒಂದು ಕಾಲು ಇಟ್ಟಿದ್ದರಂತೆ. ಹೆಂಗಸರು ಹತ್ತಬಾರದೆಂಬುದು ಬೋಟಿನವರ ಕಟ್ಟು. ಬಲೆ ಎಳೆಯುವವರೆಲ್ಲ ನೋಡುತ್ತಿದ್ದ ಹಾಗೆ ಮಾವ “ಇಳಿ” ಎಂದರಂತೆ. ಒಂದೇ ಶಬ್ದ. ಅತ್ತೆ ಇಳಿದರು. ಆ ಮೇಲೆ ಬಂದರಿನ ಕಡೆ ತಲೆ ಹಾಕಲಿಲ್ಲ. ಆ ಶಬ್ದವನ್ನು ಅವರು ಮರೆತಿಲ್ಲ ಎಂಬುದು ಮಾವನಿಗೆ ಗೊತ್ತಿತ್ತು. ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ನೀವೇ ಹೇಳಿ, ಕಡಲಿನ ಮೇಲೆ ಮೂವತ್ತು ವರ್ಷ ಬದುಕಿಸಿದ ಕಟ್ಟನ್ನು ಹೆಂಡತಿಯನ್ನು ಭಟ್ಕಳಕ್ಕೆ ಕರೆದೊಯ್ಯಲೆಂದು ಮುರಿಯುವುದು ಸುಲಭವೇ? ಚಪ್ಪಲಿ ಹಾಕಿಕೊಂಡು ಗಾಡಿಯ ತನಕ ಹೋಗುತ್ತಿದ್ದರು. ಕಾಲೆತ್ತುತ್ತಿದ್ದರು. ಆಚೆ ಈಚೆ ನೋಡಿ, ಬಿಟ್ಟು ಬಂದು, ಚೈನಿಗೆ ಎಣ್ಣೆ ಬಿಡುತ್ತಿದ್ದರು. ಜಿಲ್ಲೆಯಲ್ಲೇ ಅಷ್ಟು ಎಣ್ಣೆ ಕುಡಿದ ಚೈನು ಇನ್ನೊಂದಿರಲಾರದು.

ಕಳೆದ ವರ್ಷ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಮಾವ ಗಾಡಿಯನ್ನು ಸೋಪಿನ ಪುಡಿ ಹಾಕಿ ತೊಳೆದರು. ಗಾಜಿನ ಮಾಲೆ ತೆಗೆದು ಬಾವಿಕಟ್ಟೆಯ ಮೇಲಿಟ್ಟರು. ಹೊನ್ನಾವರದಿಂದ ತಂದ ಹೊಸ ಬೂಟು ಹಾಕಿದರು, ಲೇಸು ಕಟ್ಟಲು ಬಾರದೆ ಬಲೆಯ ಗಂಟು ಹಾಕಿದರು. ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಅವರ ಎದುರಿಗೇ ಮಾವ ಬೂಟುಗಾಲಲ್ಲಿ ಗಾಡಿ ಹತ್ತಿ, ಹೆದ್ದಾರಿಗೆ ಹೋಗಿ, ಒಂದು ಸುತ್ತು ಹಾಕಿ ಬಂದರು. ಇಳಿದಾಗ ಮುಖ ಬಿಳಿಚಿತ್ತು. ಅತ್ತೆ ಗೆರಸೆ ಕೆಳಗಿಟ್ಟರು.

“ಎಂತ ಆತು?”

“ಎಂತದೂ ಆಗ್ಲಿಲ್ಲ. ಗಾಡಿ ಅಷ್ಟೆ. ನೀನು ಹತ್ತು.”

ಅತ್ತೆ ಒಳಗೆ ಹೋಗಿ ಸೀರೆ ಬದಲಿಸಿ, ಕೊಡೆ ಹಿಡಿದು ಬಂದರು. ಮೆಟ್ಟಿಲ ಮೇಲೆ ನಿಂತು ಹಿಂದಿನ ಸೀಟಿನ ಪ್ಲಾಸ್ಟಿಕ್ಕನ್ನು ತಾವೇ ಹರಿದು ತೆಗೆದರು. ಆಮೇಲೆ ತಮ್ಮ ಚಪ್ಪಲಿಗಳನ್ನು ಕಳಚಿ, ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ, ಬದಿಯ ಪೆಟ್ಟಿಗೆಯೊಳಗೆ ಇಟ್ಟರು.

“ನೀನೆಂತಕ್ಕೆ ಬಿಟ್ಟೆ?” ಎಂದರು ಮಾವ.

“ನಿಮ್ಗೆ ಗಾಡಿ ಆದ್ರೆ ಆಗ್ಲಿ. ನಾನು ಹತ್ತುದು ಬೋಟಿಗೇ.”

ಮಾವ ಹೆಲ್ಮೆಟ್ಟಿನ ಗಾಜನ್ನು ಕೆಳಗೆ ಎಳೆದುಕೊಂಡು ಗಾಡಿ ಶುರು ಮಾಡಿದರು.

ಹೀಗೆ ಅವರು ಹೋದದ್ದನ್ನು ನಾನು ಅಂಗಳದಲ್ಲಿ ನಿಂತು ನೋಡಿದ್ದೇನೆ. ಅಂದರೆ, ನೋಡಿದ್ದೇನೆ ಎಂದುಕೊಂಡಿದ್ದೆ. ಅಮ್ಮನನ್ನು ಕೇಳಿದರೆ, “ನೀ ಎಲ್ಲಿದ್ದೆ ಅಲ್ಲಿ? ಆ ವಾರ ಧಾರವಾಡದಲ್ಲೇ ಇದ್ದೆ. ನಿನ್ನತ್ತೆ ಫೋನಲ್ಲಿ ಹೇಳಿದ್ದು ನಂಗೆ, ನಾ ಹೇಳಿದ್ದು ನಿಂಗೆ,” ಎನ್ನುತ್ತಾಳೆ. ಪ್ಲಾಸ್ಟಿಕ್ಕು ಹರಿದ ಸದ್ದು ಕೂಡ ನನ್ನ ಕಿವಿಯಲ್ಲಿದೆಯಲ್ಲ, ಅದು ಯಾರದ್ದು? ಹೋಗಲಿ, ಸವಾರರನ್ನೇ ಕೇಳೋಣವೆಂದರೆ ಅಲ್ಲಿ ಎರಡು ಪಾಠ. ಭಟ್ಕಳ ಮುಟ್ಟಿ ಚಹಾ ಕುಡಿದು ಬಂದೆವೆಂದು ಮಾವ ಹೇಳುತ್ತಾರೆ. “ಎಂತ ಭಟ್ಕಳ? ಒಂದೊಂದು ಗುಡ್ಡ ತೋರ್ಸುಕೂ ಅರ್ಧ ತಾಸು ನಿಲ್ಸಿದ್ರು. ಮಂಕಿ ಮುಟ್ಟುವಾಗ್ಲೇ ಮಧ್ಯಾಹ್ನ. ಎಲ್ಲ ಗುಡ್ಡನೂ ಒಂದೇ ನಮೂನಿ,” ಎಂದು ಅತ್ತೆ. ಹೇಳುವಾಗ ಇಬ್ಬರೂ ನಗುತ್ತಾರೆ. ನಗುವ ಸಾಕ್ಷಿಗಳಿಗೆ ಅಡ್ಡಪ್ರಶ್ನೆ ಹಾಕಿ ಪ್ರಯೋಜನವಿಲ್ಲ.

ನಾನು ಖಚಿತಪಡಿಸಿಕೊಂಡದ್ದು ಒಂದೇ ಸಂಗತಿ, ಅದೂ ಅಕಸ್ಮಾತ್ತಾಗಿ. ಈಚೆಗೆ ಹೊನ್ನಾವರದ ಪೆಟ್ರೋಲ್ ಬಂಕಿನಲ್ಲಿ ನನ್ನ ಸ್ಕೂಟರಿಗೆ ಗಾಳಿ ಹೊಡೆಸುತ್ತಿದ್ದೆ. ಗಾಳಿ ಹೊಡೆಯುವವರು ನನ್ನ ಗುರುತು ಹಿಡಿದರು.

“ತಾಂಡೇಲ್ರ ಅಳಿಯ ಅಲ್ದಾ? ಭಾರಿ ಹಟದ ಜನ ಅವ್ರು. ಗಾಡಿ ತಂದ ವಾರದಿಂದ್ಲೂ ಹಿಂದಿನ ಚಕ್ರಕ್ಕೆ ಗಾಳಿ ಮೂವತ್ತಾರೇ ಬೇಕು. ಇಷ್ಟು ಬೇಡ, ಗಟ್ಟಿ ಆತದೆ, ಗುಂಡಿಲಿ ನಿಮ್ಮ ಸೊಂಟ ಹೋತದೆ ಅಂತ ಮೂರು ವರ್ಷ ಹೇಳ್ದೆ. ‘ಇರ್ಲಿ, ಹೊಡಿ’ ಅಂದ್ರು.”

ಒಂದೇ ಸಾಕ್ಷಿ. ನಾನು ನಂಬಲಿಲ್ಲ. ಸೀದಾ ಹಳದೀಪುರಕ್ಕೆ ಹೋದೆ. ಮಾವ ಮನೆಯಲ್ಲಿರಲಿಲ್ಲ, ಗಾಡಿ ಮಾತ್ರ ಶೆಡ್ಡಿನಲ್ಲಿತ್ತು. ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಅದರ ಹಿಂಬದಿ ನೋಡಿದೆ. ಬೋಟಿನ ಹಲಗೆಯ ಮೇಲೆ ಇಂಜಿನ್ನಿನ ಚಾಕರಿ ಬರೆದಿಡುವ ಅಭ್ಯಾಸ ಅವರದು. ಗಾಡಿಯದನ್ನು ಬಾಗಿಲ ಹಿಂದೆ ನೀಲಿ ಬಣ್ಣದಲ್ಲಿ ಬರೆದಿದ್ದರು. ಆಯಿಲು, ಚೈನು, ಬ್ರೇಕು, ಗಾಳಿ. ಗಾಡಿ ತಂದ ವಾರದ ಮೊದಲ ಸಾಲಿನಿಂದ ಕೆಳಗಿನ ತನಕ ಬೆರಳಿಟ್ಟು ಓದಿದೆ. ಹಿಂದಿನ ಚಕ್ರ ಎಲ್ಲಿಯೂ ಮೂವತ್ತಾರಕ್ಕೆ ಕಡಿಮೆ ಇರಲಿಲ್ಲ. ಆಮೇಲೆ ಗಾಡಿಯ ಬಳಿ ಕೂತು, ಚೈನಿನ ಕವರಿನ ಮೇಲೆ ಕಂಪನಿಯವರು ಅಂಟಿಸಿದ್ದ ಚೀಟಿಯ ಮೇಲಿನ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದೆ. ಹಿಂದಿನ ಚಕ್ರದ ಗಾಳಿ: ಸವಾರ ಒಬ್ಬರೇ ಇದ್ದರೆ ಮೂವತ್ತೆರಡು, ಇಬ್ಬರಿದ್ದರೆ ಮೂವತ್ತಾರು.