ಅಪ್ಪಿಕೊಂಡ ಬೆಳ್ಳಿ ಪಟ್ಟಿಗಳು

ಯಾರ ಕಣ್ಣಿಗೂ ಬೀಳದೆ ಇದ್ದುಬಿಡೋಣ ಎಂದು ನಾನು ಅಂದುಕೊಂಡ ದಿನವೇ ಏನಾದರೊಂದು ಆಗುತ್ತದೆ. ಚಾಮರಾಜನಗರದ ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದ ಹೊಸತು. ಇನ್ಸ್‌ಪೆಕ್ಟರು ಪಾಠ ನೋಡಿ ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ; ವಿಜ್ಞಾನವನ್ನು ಕನ್ನಡದಲ್ಲಿ ಹೇಳಹೊರಟರೆ ನಾಲ್ಕು ಮಾತಿಗೇ ತಡವರಿಸುತ್ತಿದ್ದೆ. ನನ್ನ ಬದಲು ಪ್ರಯೋಗವೇ ಮಾತಾಡಲಿ ಎಂದುಕೊಂಡೆ.

೧. ಬೆಳ್ಳಿ ಕಾಗದ

ವಿದ್ಯುತ್ ಹರಿಯುವ ಎರಡು ತಂತಿ ಅಕ್ಕಪಕ್ಕ ಇದ್ದರೆ ಒಂದನ್ನೊಂದು ಎಳೆಯುತ್ತವೆ, ಇಲ್ಲವೇ ತಳ್ಳುತ್ತವೆ. ತಂತಿ ಭಾರ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದ ಪಟ್ಟಿಯಾದರೆ ಚೆನ್ನಾಗಿ ಅಲುಗುತ್ತದೆ. ಅಟೆಂಡರು ಬಸ್ ಸ್ಟಾಂಡಿನ ಅಂಗಡಿಗಳಿಂದ ಬುಟ್ಟಿ ತುಂಬ ಖಾಲಿ ಪ್ಯಾಕು ತಂದು, "ಟೀಚರಮ್ಮಂದು" ಎಂದು ನನ್ನ ಬಾಡಿಗೆ ಮನೆಯಲ್ಲಿಟ್ಟು ಹೋದ. ಸಂಜೆ ಮನೆಯೊಡತಿ ಹಿತ್ತಾಳೆ ಬಟ್ಟಲು ತಂದಿಟ್ಟರು.

"ಬೂದಿ ಇದ್ರೊಳಕ್ಕೆ ಉದುರ್ಸವ್ವ. ನಮ್ಮನೆಯೋರು ಎಷ್ಟೇಳಿದ್ರೂ ನೆಲಕ್ಕೇ ಉದುರಿಸ್ತಾರೆ."

೨. ಹೆಡ್‌ಮಾಸ್ಟರ ಅಪ್ಪಣೆ

ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ಬೇಗೂರಿನ ಲಾರಿ ಡ್ರೈವರು. ಬ್ಯಾಟರಿ ಕೊಟ್ಟವರು ಅವರೇ. ಅಭ್ಯಾಸ ಮಾಡುವಾಗ ವಿದ್ಯುತ್ತು ಒಂದೇ ದಿಕ್ಕಿಗೆ ಹರಿದಾಗ ಪಟ್ಟಿಗಳು ಅಂಟಿಕೊಂಡವು. ಎದುರುಬದುರು ಹರಿದಾಗ ದೂರ ಸರಿದವು. ಬಾಗಿಲಲ್ಲಿದ್ದ ಹೆಡ್‌ಮಾಸ್ಟರು ಪೇಟ ಸರಿಮಾಡಿಕೊಂಡರು.

"ಗಂಡುಮಕ್ಕಳು ಹೆಣ್ಣುಮಕ್ಕಳು ಒಟ್ಟಿಗೆ ಕೂರೋ ಕ್ಲಾಸಮ್ಮ. ದೂರ ಸರಿಯೋದು ಮಾತ್ರ ತೋರಿಸಿ. ಅಪ್ಪಿಕೊಳ್ಳೋದನ್ನ ಅವರವರ ಮನೆಯಲ್ಲಿ ಪುಸ್ತಕ ನೋಡಿ ಓದಿಕೊಳ್ಳಲಿ."

೩. ಇನ್ಸ್‌ಪೆಕ್ಟರ ಮುಂದೆ

ದೂರ ಸರಿಯುವಂತೆ ಜೋಡಿಸಿಟ್ಟು ಇನ್ಸ್‌ಪೆಕ್ಟರಿಗೆ ನಮಸ್ಕಾರ ಹೇಳಲು ಹೋದೆ. ಬರುವಷ್ಟರಲ್ಲಿ, ಬ್ಯಾಟರಿ ನೋಡಿ ಹೋಗಲು ಬಂದಿದ್ದ ಡ್ರೈವರು ಕಿಟಕಿಯಾಚೆ ನಿಂತು ನಗುತ್ತಿದ್ದರು. "ಟೀಚರಮ್ಮ, ಕನೆಕ್ಸನ್ನು ತಪ್ಪಾಗಿತ್ತು. ಎರಡು ಹೆಡ್‌ಲೈಟಿಗೆ ಕೊಡೋ ಅಂಗೆ ಎರಡಕ್ಕೂ ಒಂದೇ ಕಡೀಂದ ಸರಿಯಾಗಿ ಕೊಟ್ಬುಟ್ಟಿವ್ನಿ!"

ಮತ್ತೆ ಬಿಚ್ಚಲು ಹೊತ್ತಿರಲಿಲ್ಲ. ವೈರು ಮುಟ್ಟಿಸಿದೆ. ಪಟ್ಟಿಗಳು ಪಟಕ್ಕನೆ ಅಪ್ಪಿಕೊಂಡವು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು.

"ಬ್ಯಾಟರಿ ತಿರುಗಿಸಿ!" ಎಂದು ಹೆಡ್‌ಮಾಸ್ಟರು ಪಿಸುಗುಟ್ಟಿದರು. ಅದರಿಂದ ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ತಿರುಗಿಸಿದೆ. ಮತ್ತೆ ಅಪ್ಪಿಕೊಂಡವು, ಈ ಸಲ ಇನ್ನೂ ಬಿಗಿಯಾಗಿ.

"ತಿರುಗಿಸಿದರೂ ಯಾಕಮ್ಮ ಹೀಗೆ?" ಇನ್ಸ್‌ಪೆಕ್ಟರು ಕೇಳಿದರು. ಕೆಲಸ ಹೋಯಿತು ಎಂದುಕೊಂಡೆ.

ಕಿಟಕಿಯಿಂದ ಉತ್ತರ ಬಂತು: "ಇಬ್ರೂ ಒಟ್ಗೇ ತಿರುಗ್ಬುಟ್ರಲ್ಲ ಸೋಮಿ! ಅಂಗೆ ಒಂದೇ ಕಡೀಕ್ ಓಗೋರ್ನ ಯಾರ್ ಬಿಡ್ಸಕ್ಕಾದದು? ಲಗ್ನ ಮಾಡ್ಬುಡಿ ಅತ್ಲಾಗೆ!"

ಇನ್ಸ್‌ಪೆಕ್ಟರು ಕನ್ನಡಕ ಜಾರುವಷ್ಟು ನಕ್ಕರು. "ಉತ್ತರ ನೂರಕ್ಕೆ ನೂರು ಸರಿ" ಎಂದು, ನನ್ನ ಕೆಲಸ ಖಾಯಂ ಮಾಡಬಹುದೆಂದು ಅಲ್ಲೇ ಬರೆದುಕೊಂಡರು.

ಹೆಡ್‌ಮಾಸ್ಟರು ಮಾತ್ರ ಯಾರ ಕಡೆಗೂ ನೋಡದೆ, ಪಟ್ಟಿಗಳ ನಡುವೆ ಮರದ ಸ್ಕೇಲು ತೂರಿಸುವುದರಲ್ಲಿದ್ದರು.