ಗೆರೆಯಿಲ್ಲದ ಹೆಬ್ಬೆಟ್ಟಿಗೆ ಮೂವತ್ತನಾಲ್ಕು ಪುಟ

ಮಹಾಮಾನ್ಯ ಭಾಗ್ಯದರ್ಶಿ ಯಂತ್ರದವರಿಗೆ,
ಮಳಿಗೆ ಸಂಖ್ಯೆ ಹದಿನೇಳು, ಉನ್ನತ ಶಿಕ್ಷಣ ಮೇಳ, ವೈಟ್‌ಫೀಲ್ಡ್.

ವಿಷಯ: ತಾವು ನನ್ನ ಬೆರಳು ನೋಡಿ ನನ್ನ ಮಗಳ ಭವಿಷ್ಯ ಹೇಳಿದ ಬಗ್ಗೆ ಕೃತಜ್ಞತೆ, ಮತ್ತು ಕೆಲವು ಸಣ್ಣ ಬೇಡಿಕೆಗಳು.

ಮಾನ್ಯರೇ,

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸ್ಟೀಲಿಗೆ ಹೊಳಪು ಕೊಡುವ ಕೆಲಸ ಮಾಡಿಕೊಂಡಿರುವ ಈಶಪ್ಪನೆಂಬ ನಾನು, ತಮ್ಮ ಗಾಜಿನ ಸನ್ನಿಧಿಗೆ ಕೈಮುಗಿದು ಬರೆದುಕೊಳ್ಳುವುದೇನೆಂದರೆ, ಇತ್ತ ನಾವು ಮೂವರೂ ಕ್ಷೇಮ. ತಾವೂ ವೋಲ್ಟೇಜಿನ ಏರಿಳಿತವಿಲ್ಲದೆ, ಕಾಗದ ಸಿಕ್ಕಿಹಾಕಿಕೊಳ್ಳದೆ, ದಿನಕ್ಕೆ ನೂರಾರು ಮಕ್ಕಳ ಹಣೆಬರಹ ಮುದ್ರಿಸುತ್ತ ಸುಖವಾಗಿದ್ದೀರೆಂದು ನಂಬಿದ್ದೇನೆ. ಈ ಪತ್ರವನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿರುವುದು ತಮ್ಮ ಮಾನ ಕಳೆಯಲಿಕ್ಕಲ್ಲ. ಮೇಳ ಮುಗಿದ ಮೇಲೆ ತಾವು ಎಲ್ಲಿಗೆ ದಯಮಾಡಿಸಿದಿರೆಂದು ಯಾರೂ ಹೇಳಲೊಲ್ಲರು, ರಸೀದಿಯಲ್ಲಿರುವ ನಂಬರಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಒತ್ತಿಸುತ್ತಲೇ ಇರುತ್ತಾರೆ. ಒತ್ತಿದ್ದರಿಂದಲೇ ನನಗೆ ಇಷ್ಟೆಲ್ಲ ಆದದ್ದರಿಂದ ಇನ್ನು ಮುಂದೆ ಏನನ್ನೂ ಒತ್ತುವುದಿಲ್ಲವೆಂದು ತೀರ್ಮಾನಿಸಿ ಪೆನ್ನು ಹಿಡಿದಿದ್ದೇನೆ. ನಮ್ಮ ಶೆಡ್ಡಿನ ಅರ್ಜಿಗಳನ್ನೆಲ್ಲ, ಓಟಿ ಬಾಕಿಯಿಂದ ಹಿಡಿದು ಸೋರುವ ಶೀಟಿನವರೆಗೆ, ಬರೆಯುವವನು ನಾನೇ. ಆದ್ದರಿಂದ ಬರವಣಿಗೆ ಸ್ವಲ್ಪ ಉದ್ದವಾದರೆ ಅದು ರೂಢಿಯ ದೋಷವೆಂದು ಕ್ಷಮಿಸಬೇಕು.

ಮೊದಲಿಗೆ ನನ್ನ ಮಗಳ ವಿಷಯ. ಸುಮಂಗಲಾ ಪಿಯುಸಿ ಮುಗಿಸಿದಳು, ಪ್ರವೇಶ ಪರೀಕ್ಷೆ ಬರೆದಳು, ಅವಳಿಗೆ ಬಂದ ರ‍್ಯಾಂಕಿಗೆ ಸರ್ಕಾರಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಫೀಸು ನಮ್ಮ ಕೈಗೆ ಎಟುಕುವಷ್ಟೇ, ಅವಳಿಗೂ ಅದೇ ಬೇಕಾಗಿತ್ತು. ಚಿಕ್ಕಂದಿನಲ್ಲಿ ನನಗೆ ಬುತ್ತಿ ತಂದವಳು ಬುತ್ತಿಯನ್ನು ಅಲ್ಲೇ ಇಟ್ಟು ಲೇತ್ ತಿರುಗುವುದನ್ನು ನೋಡುತ್ತ ನಿಂತುಬಿಡುತ್ತಿದ್ದಳು. ಆದರೆ ಮಾನ್ಯರೇ, ಲೇತಿನ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ನಿಂತವನಿಗೆ ಅದರ ಮೇಲೆ ಎಷ್ಟು ಪ್ರೀತಿ ಉಳಿದೀತು? ಮೆಕ್ಯಾನಿಕಲ್ ಎಂದರೆ ಕೊನೆಗೆ ನಮ್ಮ ಶೆಡ್ಡೇ, ಸ್ವಲ್ಪ ಮೇಲಿನ ಕುರ್ಚಿ ಅಷ್ಟೆ ಎಂದು ನನಗನಿಸಿತು. ನಮ್ಮ ಕೋಣೆಯ ಮಾಲೀಕರಾದ ಗಂಗಪ್ಪನವರು, 'ಈಗೆಲ್ಲ ಎ.ಐ. ಕಣ್ರೀ, ಮಿಕ್ಕಿದ್ದು ಓದಿದ್ರೆ ಮೂರು ಕಾಸಿಗೂ ಬರಲ್ಲ' ಅಂದರು. ಅವರು ಮೂರು ಮಹಡಿ ಕಟ್ಟಿದವರು, ಮಹಡಿಗೊಂದರಂತೆ ಸಲಹೆ ಕೊಡುತ್ತಾರೆ.

ಹೀಗಾಗಿ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ತಮ್ಮ ದರ್ಶನಕ್ಕೆ ವೈಟ್‌ಫೀಲ್ಡಿಗೆ ಬಂದೆ. ಹೊರಡುವಾಗ ನನ್ನ ಹೆಂಡತಿ ಮಹಾನಂದಾ, 'ಮಗಳು ಬಾಜೂಕ ನಿಂತಾಳ, ಅಕಿನ್ನ ಕೇಳೂದು ಬಿಟ್ಟು ಮಷೀನ ಕೇಳಾಕ ಹೊಂಟೀರಲ್ರಿ' ಅಂದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನ ಕತೆ ನನಗೂ ಗೊತ್ತಿತ್ತು. ಆದರೂ ಹೋದೆ.

ತಮ್ಮ ಮಳಿಗೆಯಲ್ಲಿ ಕೋಟು ತೊಟ್ಟಿದ್ದ ಸ್ಫೂರ್ತಿ ಎಂಬ ಮೇಡಂ ತಮ್ಮ ಮಹಿಮೆಯನ್ನು ವಿವರಿಸಿದರು. ಹತ್ತು ಬೆರಳು ಕೇಳುವ ಯಂತ್ರಗಳು ಹಳೆಯವಂತೆ, ತಮಗೆ ಬಲಗೈ ಹೆಬ್ಬೆಟ್ಟೊಂದೇ ಸಾಕಂತೆ. ಗೆರೆಗಳಲ್ಲಿ ಮಿದುಳಿನ ನಕ್ಷೆ ಇರುತ್ತದೆ, ಅದನ್ನು ಓದಿ ಯಾವ ಕೋರ್ಸು, ಯಾವ ಕಾಲೇಜು, ಎಷ್ಟು ಸಂಬಳ ಎಂದು ತಾವು ಹೇಳುತ್ತೀರಂತೆ. ಶುಲ್ಕ ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಮೇಡಂ ಮಗಳ ಹೆಸರು, ಮಾರ್ಕ್ಸು ಎಲ್ಲ ತುಂಬಿದರು. ಪ್ರಿಂಟರಿಗೆ ಕಾಗದ ತರಲು ಅವರು ಆಚೆ ಹೋದರು, ಬಾಯಾರಿದೆಯೆಂದು ಮಗಳು ನೀರಿಗೆ ಹೋದಳು. ತಾವು ಮತ್ತು ನಾನು ಇಬ್ಬರೇ ಉಳಿದೆವು. ಆಗ ತಮ್ಮ ಗಾಜಿನಲ್ಲಿ ಹಸಿರು ದೀಪ ಹತ್ತಿತು.

ಇಲ್ಲಿ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕು. ಪೀಣ್ಯದಲ್ಲಿ ಕೆಲಸ ಮಾಡುವವನಿಗೆ ಹಸಿರು ದೀಪದ ಗಾಜು ಕಂಡರೆ ಕೈ ತಡೆಯುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಜರಿ ಯಂತ್ರಕ್ಕೆ ಬೆರಳೊತ್ತಿ ಒತ್ತಿ, ಬುದ್ಧಿಗೆ ತಿಳಿಯುವ ಮುಂಚೆ ಬೆರಳು ಹೋಗಿ ಕೂತಿರುತ್ತದೆ. ನನ್ನ ಹೆಬ್ಬೆಟ್ಟೂ ಹಾಗೆಯೇ ಹೋಗಿ ಕೂತಿತು. ತಾವು ಕುಯ್ಯೆಂದು ಒಂದು ರಾಗ ಎಳೆದು, 'ಅಭಿನಂದನೆಗಳು ಸುಮಂಗಲಾ' ಎಂದು ಬರೆದಿರಿ.

ಮಾನ್ಯರೇ, ಆ ಕ್ಷಣ ನನ್ನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಏಕೆಂದರೆ ಬೊಮ್ಮಸಂದ್ರದ ಔಷಧ ಕಾರ್ಖಾನೆಗಳಿಗೆ ಹೋಗುವ ವಾಲ್ವುಗಳನ್ನು ತಿರುಗುವ ಬಫಿಂಗ್ ಚಕ್ರಕ್ಕೆ ಹಿಡಿದು ಹಿಡಿದು ನನ್ನ ಬೆರಳಿನ ಗೆರೆಗಳೆಲ್ಲ ಯಾವತ್ತೋ ಸವೆದುಹೋಗಿವೆ. ಹಾಜರಿ ಯಂತ್ರ ನನ್ನನ್ನು ಗುರುತಿಸುವುದಿಲ್ಲ. ನಮ್ಮ ಸೂಪರ್‌ವೈಸರ್ ನೀಲಪ್ಪ ದಿನವೂ ಪುಸ್ತಕದಲ್ಲಿ 'ಈಶಪ್ಪ ಹಾಜರು, ಬೆರಳು ಗೈರು' ಎಂದು ಕೈಯಲ್ಲೇ ಬರೆದುಕೊಳ್ಳುತ್ತಾನೆ. ರೇಷನ್ ಅಂಗಡಿಯ ಯಂತ್ರದ ಪ್ರಕಾರ ನಾನು ಹುಟ್ಟಿಯೇ ಇಲ್ಲ, ಅಕ್ಕಿ ತರಲು ಮಹಾನಂದಾಳೇ ಹೋಗಬೇಕು. ಇಷ್ಟೆಲ್ಲ ಯಂತ್ರಗಳು ಕೈಬಿಟ್ಟ ಈ ಹೆಬ್ಬೆಟ್ಟನ್ನು ಒಂದೇ ಒತ್ತಿಗೆ ಒಪ್ಪಿಕೊಂಡವರು ಈ ಬೆಂಗಳೂರಿನಲ್ಲಿ ತಾವೊಬ್ಬರೇ. ಅಷ್ಟೇ ಅಲ್ಲ, ಏನೂ ಇಲ್ಲದ ಆ ಬೆರಳಿನಿಂದ ಮೂವತ್ತನಾಲ್ಕು ಪುಟ ಓದಿದಿರಿ. ಬರಿಯ ಗೋಡೆ ನೋಡಿ ಪುರಾಣ ಹೇಳುವ ಪಂಡಿತರು ಹಿಂದೆ ಇದ್ದಿರಬಹುದು, ಆದರೆ ಅವರು ಬಣ್ಣದ ಚಿತ್ರ ಹಾಕಿ ಸ್ಪೈರಲ್ ಬೈಂಡಿಂಗ್ ಮಾಡಿ ಕೊಡುತ್ತಿರಲಿಲ್ಲ.

ಮೇಡಂ ಬಂದು, 'ಆಗೋಯ್ತಾ ಅಂಕಲ್? ಸೂಪರ್' ಎಂದು ಕಾಗದ ತುಂಬಿ, ಮುದ್ರಿಸಿ ಪುಸ್ತಕ ಕೈಗಿಟ್ಟರು. ಇದು ನನ್ನ ಬೆರಳು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೊದಲ ಪುಟ ಕಣ್ಣಿಗೆ ಬಿತ್ತು. 'ಈ ಮಗುವಿಗೆ ನಾಯಕತ್ವ ಗುಣ ಶೇಕಡಾ ತೊಂಬತ್ತೊಂದು' ಎಂದಿತ್ತು. ಬಾಯಿ ಮುಚ್ಚಿತು. ನೀರು ಕುಡಿದು ಬಂದ ಮಗಳಿಗೆ, ನಿನ್ನ ಬೆರಳು ಬೇಕಾಗಲಿಲ್ಲ, ಮಾರ್ಕ್ಸು ನೋಡಿಯೇ ಬರೆದುಕೊಟ್ಟರು ಎಂದು ಸುಳ್ಳು ಹೇಳಿದೆ. ಎರಡನೇ ಪುಟದ ಚೌಕದಲ್ಲಿ ಮಸಿ ಬಳಿದಂಥ ಒಂದು ಗುರುತು, ಅದರ ನಡುವೆ ಓರೆಯಾಗಿ ಒಂದು ಬಿಳಿ ಗೀರು ಇತ್ತು. ಇದೇನೆಂದು ಅವಳು ಕೇಳಿದ್ದಕ್ಕೆ ಪ್ರಿಂಟರು ಸರಿಯಿಲ್ಲ ಎಂದೆ. ಆ ಗೀರು ಹನ್ನೊಂದು ವರ್ಷದ ಹಿಂದೆ ಚಕ್ರ ಸಿಡಿದಾಗ ನನ್ನ ಬೆರಳಿಗಾದದ್ದು.

ಯಾಕೆ ಸುಳ್ಳು ಹೇಳಿದೆ ಎಂದರೆ, ಆ ಪುಸ್ತಕ ನನಗೆ ಇಷ್ಟವಾಗಿಬಿಟ್ಟಿತ್ತು. ಮನೆಗೆ ಬಂದು ದಿನವೂ ಊಟವಾದ ಮೇಲೆ ಅದನ್ನೇ ಓದುತ್ತಿದ್ದೆ. 'ಈ ಮಗುವಿನ ಕಲ್ಪನಾಶಕ್ತಿ ಅಪರೂಪದ್ದು.' ಹೌದಲ್ಲ ಅನಿಸುತ್ತಿತ್ತು. 'ಈ ಮಗುವಿನ ಮಾತಿಗೆ ಜನ ಬೆಲೆ ಕೊಡುತ್ತಾರೆ.' ನೀಲಪ್ಪನಾದರೂ ಕೊಡುತ್ತಾನೆ. 'ಈ ಮಗುವನ್ನು ಲೋಹ, ಎಣ್ಣೆ, ಗದ್ದಲಗಳಿಂದ ದೂರವಿಡಬೇಕು.' ಇದನ್ನು ಓದಿದ ದಿನ ಬೆರಳಿಟ್ಟು ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ. ನಲವತ್ತೆಂಟು ವರ್ಷದ ನನ್ನ ಬಗ್ಗೆ ಯಾರೂ ಯಾವತ್ತೂ ಇಷ್ಟು ಕಾಳಜಿಯಿಂದ ಬರೆದಿರಲಿಲ್ಲ, ಬರೆದರೂ ಇಪ್ಪತ್ತೆರಡು ವರ್ಷ ತಡವಾಗಿ ಬರೆದಿರಿ.

ಕೊನೆಯ ಪುಟದಲ್ಲಿ ತಾವು ಈ ಮಗುವಿಗೆ ಎ.ಐ. ಮತ್ತು ಡೇಟಾ ಸೈನ್ಸ್ ಕೋರ್ಸನ್ನೂ, ಅದನ್ನು ಓದಲು ಒಂದು ಖಾಸಗಿ ಕಾಲೇಜನ್ನೂ ಅಪ್ಪಣೆ ಕೊಡಿಸಿದ್ದಿರಿ. ಆ ಕಾಲೇಜಿನ ಮಳಿಗೆ ತಮ್ಮ ಮಗ್ಗುಲಲ್ಲೇ, ಹದಿನೆಂಟನೆಯದಾಗಿತ್ತು ಎಂಬುದು ದೈವಸಂಕಲ್ಪವೇ ಇರಬೇಕು. ಅಲ್ಲಿ ವಿಚಾರಿಸಿದಾಗ ಆ ಕೋರ್ಸಿಗೆ ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂದರು. ಮೊದಲ ಬ್ಯಾಚು ಹೊರಬರಲು ಇನ್ನೂ ಎರಡು ವರ್ಷವಿದೆ ಎಂದೂ ಅವರೇ ಹೇಳಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ. ಕೂಸಿಗೆ ಸಂಬಳವನ್ನೂ ನಿಗದಿ ಮಾಡಿದವರನ್ನು ಅಲ್ಲೇ ನೋಡಿದ್ದು. ನಾಲ್ಕು ವರ್ಷಕ್ಕೆ ಎಲ್ಲ ಸೇರಿ ಹದಿನೆಂಟು ಲಕ್ಷ. ನಮ್ಮ ಹತ್ತಿರ ಇರುವುದು ಮಾದನಾಯಕನಹಳ್ಳಿ ಕಡೆ ಚೀಟಿ ಎತ್ತಿ ಕೊಂಡ ಇಪ್ಪತ್ತು ಮೂವತ್ತರ ಒಂದು ಸೈಟು. ಅದನ್ನು ಬ್ಯಾಂಕಿಗೆ ಇಟ್ಟು ಸಾಲ ಎತ್ತುವುದೆಂದು ತೀರ್ಮಾನಿಸಿದೆ. ಹೊಳೆಯುವುದೆಲ್ಲ ಚಿನ್ನವಲ್ಲ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ, ಹೊಳಪು ಕೊಡುವವನೇ ನಾನು. ಆದರೂ ಮೋಸಹೋದೆ.

ಮಗಳು ಎದುರಾಡಲಿಲ್ಲ. ಒಂದೇ ಸಲ, 'ಖರೇನ ಇದನ್ನ ಓದಬೇಕೇನಪ್ಪಾ?' ಎಂದು ಕೇಳಿದಳು. ಪುಸ್ತಕದಲ್ಲಿ ಬರೆದಿದೆಯಲ್ಲ ಎಂದೆ. ಅವಳು ತನ್ನ ಬಗ್ಗೆ ಬರೆದದ್ದೆಂದು ನಂಬಿ ಆ ಮೂವತ್ತನಾಲ್ಕು ಪುಟಗಳಲ್ಲಿ ತನ್ನನ್ನು ಹುಡುಕುತ್ತಿದ್ದಳು, ಸಿಗದಿದ್ದಾಗ ತಪ್ಪು ತನ್ನದೇ ಇರಬೇಕು ಅಂದುಕೊಳ್ಳುತ್ತಿದ್ದಳು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ. ಈ ಪತ್ರದಲ್ಲಿ ತಮ್ಮ ಮೇಲೆ ಎಷ್ಟೇ ದೂರು ಇರಲಿ, ಇದೊಂದು ನನ್ನ ತಪ್ಪು.

ಸರ್ಕಾರಿ ಸೀಟು ಒಪ್ಪಿಕೊಳ್ಳಲು ಕೊನೆಯ ದಿನ ಶುಕ್ರವಾರ, ಸಂಜೆ ಐದು ಗಂಟೆ. ಅದೇ ಶುಕ್ರವಾರ ಮೂರು ಗಂಟೆಗೆ ನಾವಿಬ್ಬರೂ ಬ್ಯಾಂಕಿನಲ್ಲಿ ಕೃಷ್ಣಸ್ವಾಮಿ ಎಂಬ ಅಧಿಕಾರಿಗಳ ಎದುರು ಕೂತಿದ್ದೆವು. ಸೈಟಿನ ಕಾಗದ ನೋಡಿದರು, ತಮ್ಮ ಪುಸ್ತಕವನ್ನೂ ಗೌರವದಿಂದ ತಿರುವಿಹಾಕಿದರು. ಕಡೆಗೆ ಗುರುತು ಖಾತ್ರಿಗೆಂದು ನನ್ನ ಮುಂದೆ ಒಂದು ಚಿಕ್ಕ ಯಂತ್ರ ಸರಿಸಿದರು. ತಮ್ಮ ಬಡ ಸಂಬಂಧಿಯಿರಬೇಕು. ಹೆಬ್ಬೆಟ್ಟು ಇಟ್ಟೆ, ಕೆಂಪು ದೀಪ. ಒರೆಸಿ ಇಟ್ಟೆ, ಕೆಂಪು ದೀಪ. 'ಈಶಪ್ಪನೋರೆ, ನಿಮ್ ಬೆರಳಲ್ಲಿ ಗೆರೇನೇ ಇಲ್ವಲ್ರೀ' ಎನ್ನುತ್ತ ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಅಲ್ಲಿ ಮಸಿ ಬಳಿದಂಥ ಒಂದು ಗುರುತು, ಅದರ ನಡುವೆ ಓರೆಯಾಗಿ ಒಂದು ಬಿಳಿ ಗೀರು.

ಸುಮಂಗಲಾ ಪರದೆಯನ್ನೇ ನೋಡಿದಳು. ಆಮೇಲೆ ಪುಸ್ತಕ ತೆಗೆದು ಎರಡನೇ ಪುಟ ಬಿಚ್ಚಿ ಪರದೆಯ ಪಕ್ಕ ಹಿಡಿದಳು. ನಾನು ಮೇಜಿನ ಮೇಲಿನ ಪಿನ್ನುಗಳನ್ನು ಎಣಿಸತೊಡಗಿದೆ.

'ಅಪ್ಪಾ, ಇದು ನಿನ್ನ ಬೆರಳ ಅಲ್ಲೇನು?' ಅಂದಳು. ನಾನು ತಲೆಯಾಡಿಸಿದೆ. ಬೈಯುತ್ತಾಳೆಂದುಕೊಂಡೆ, ಅಳುತ್ತಾಳೆಂದೂ ಹೆದರಿದೆ. ಅವಳು ದೊಡ್ಡ ಉಸಿರು ಬಿಟ್ಟು, ಹೊತ್ತಿದ್ದ ಭಾರ ಇಳಿಸಿದವಳ ಹಾಗೆ ನಕ್ಕಳು. 'ನಿನಗ ಎ.ಐ. ಓದಬೇಕಂತ ಆಸೆ ಇದ್ರ ನೀನ ಓದಪ್ಪ. ನಾ ಮೆಕ್ಯಾನಿಕಲ್ ಓದತೀನಿ' ಅಂದಳು. ಕೃಷ್ಣಸ್ವಾಮಿಯವರು ನಮ್ಮ ಅರ್ಜಿಯನ್ನು ಮೆಲ್ಲಗೆ ನಮ್ಮತ್ತಲೇ ಸರಿಸಿದರು. ಬ್ಯಾಂಕಿನ ಹೊರಗೆ, ಎಳನೀರಿನವನ ಕೊಡೆಯ ನೆರಳಲ್ಲಿ, ನಾಲ್ಕೂ ನಲವತ್ತಕ್ಕೆ ಅವಳು ಫೋನಿನಲ್ಲೇ ಸರ್ಕಾರಿ ಸೀಟನ್ನು ಒಪ್ಪಿಕೊಂಡಳು. ಒತ್ತಿದ್ದು ಅವಳೇ, ಅವಳ ಬೆರಳಿನಿಂದಲೇ.

ಈಗ ನನ್ನ ಬೇಡಿಕೆಗಳು. ಶುಲ್ಕ ವಾಪಸು ಬೇಡ, ಅಷ್ಟು ಹೊಗಳಿಕೆಗೆ ಅದು ಅಗ್ಗವೇ. ತಾವು ಒಂದು ದಿನ ಬಿಡುವು ಮಾಡಿಕೊಂಡು ಪೀಣ್ಯಕ್ಕೆ ಬಂದು ನಮ್ಮ ಹಾಜರಿ ಯಂತ್ರಕ್ಕೆ, ಹಾಗೆಯೇ ರೇಷನ್ ಅಂಗಡಿಯ ಯಂತ್ರಕ್ಕೆ, ಇಲ್ಲದ ಗೆರೆಯನ್ನು ಓದುವ ವಿದ್ಯೆಯನ್ನು ಕಲಿಸಿಕೊಡಬೇಕು. ಆ ವರದಿಯ ಮೇಲೆ ಸುಮಂಗಲಾ ಎಂಬುದನ್ನು ಹೊಡೆದು ಈಶಪ್ಪ ಎಂದು ತಿದ್ದಿಕೊಡಬೇಕು. ತೊಂಬತ್ತೊಂದು ಪರ್ಸೆಂಟ್ ನಾಯಕನನ್ನು ಎಣ್ಣೆ ಗದ್ದಲಗಳಿಂದ ದೂರವಿಡಬೇಕೆಂದು ನಮ್ಮ ಶೆಡ್ಡಿನ ಮಾಲೀಕರಿಗೆ ತಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಯಬೇಕು. ಮತ್ತು ಹದಿನೆಂಟನೇ ಮಳಿಗೆಯವರಿಗೆ ಹೇಳಿ ನನಗೇ ಆ ಸೀಟು ಕೊಡಿಸಬೇಕು. ಸಾಲಕ್ಕೆ ತಾವೇ ಜಾಮೀನು ನಿಲ್ಲಬೇಕು, ಏಕೆಂದರೆ ಬ್ಯಾಂಕಿನ ಯಂತ್ರ ಒಪ್ಪುವ ಬೆರಳು ನನ್ನಲ್ಲಿಲ್ಲ, ತಮ್ಮಲ್ಲಾದರೂ ಇದ್ದೀತು.

ನನಗೆ ಸಹಿ ಬರುತ್ತದೆ. ಆದರೂ ತಮ್ಮ ಮೇಲಿನ ಪ್ರೀತಿಗೆ ಕೆಳಗೆ ಹೆಬ್ಬೆಟ್ಟನ್ನೇ ಒತ್ತಿದ್ದೇನೆ, ಬೇಕಾದರೆ ಇನ್ನೊಂದು ಪುಸ್ತಕ ಬರೆದುಕೊಳ್ಳಬಹುದು.

ತೊಂಬತ್ತೊಂದು ಪರ್ಸೆಂಟ್ ತಮ್ಮ ವಿಶ್ವಾಸಿ,
ಈಶಪ್ಪ
(ಹಾಜರು, ಬೆರಳು ಗೈರು)

ತಾ.ಕ.: ಕಾಲೇಜು ಶುರುವಾಗಿ ತಿಂಗಳಾಯಿತು. ಮೊನ್ನೆ ಸುಮಂಗಲಾ ವರ್ಕ್‌ಶಾಪ್ ಕ್ಲಾಸಿನಲ್ಲಿ ತಾನೇ ಅರ ಹಾಕಿ ಉಜ್ಜಿದ ಒಂದು ಚೌಕ ಕಬ್ಬಿಣದ ತುಂಡನ್ನು ಬುತ್ತಿ ಡಬ್ಬಿಯಲ್ಲಿಟ್ಟುಕೊಂಡು ತಂದು, 'ಹೆಂಗಾಗೇತಿ ನೋಡಪ್ಪಾ?' ಎಂದು ನನ್ನ ಕೈಗಿಟ್ಟಳು. ನಾನು ಕಣ್ಣುಮುಚ್ಚಿ ಅದರ ಮೇಲೆ ಹೆಬ್ಬೆಟ್ಟು ಆಡಿಸಿ, ಎಡಗಡೆ ಮೂಲೆ ಕೂದಲೆಳೆಯಷ್ಟು ಎತ್ತರವಿದೆ ಎಂದೆ. ಮರುದಿನ ಕಾಲೇಜಿನಲ್ಲಿ ಗೇಜು ಇಟ್ಟು ನೋಡಿದರಂತೆ, ಅಷ್ಟೇ ಇತ್ತಂತೆ. ತಮಗೆ ಓದಲಾಗದ ಬೆರಳಿಗೆ ಓದಲು ಬರುತ್ತದೆ ಎಂಬುದು ತಮ್ಮ ಗಮನಕ್ಕಿರಲಿ. ಅವಳು ಕೇಳಿದ್ದು ಒಂದು ಸಾಲು, ನಾನು ಹೇಳಿದ್ದೂ ಒಂದೇ ಸಾಲು, ಬೈಂಡಿಂಗ್ ಮಾಡಿಸಲಿಲ್ಲ.