ಇಪ್ಪತ್ತಕ್ಕೆ ಹತ್ತೊಂಬತ್ತು

ತಪ್ಪೆಲ್ಲ ಮೇಡಂ ಅವರ ಬಾಯಿಯದೇ. ಸಮಾಜಶಾಸ್ತ್ರದ ಇಪ್ಪತ್ತನಾಲ್ಕು ಮಕ್ಕಳೂ ಒಂದೇ ಪ್ರಬಂಧವನ್ನು ಅವೇ ತಪ್ಪುಗಳೊಡನೆ ಬರೆದು ತಂದಾಗ ಅವರು ಪ್ರಿನ್ಸಿಪಾಲರ ಮುಂದೆ ಘೋಷಿಸಿಬಿಟ್ಟಿದ್ದರು: "ಇನ್ಮೇಲೆ ಪಾಡ್‌ಕಾಸ್ಟ್ ಮಾಡ್ಲಿ ಸರ್, ತಲಾ ಇಪ್ಪತ್ತು ನಿಮಿಷ. ಒಂದೊಂದನ್ನೂ ನಾನೇ ಪೂರ್ತಿ ಕೇಳಿ ಅಂಕ ಕೊಡ್ತೀನಿ."

"ಪೂರ್ತಿ ಕೇಳ್ಬೇಕು ಮತ್ತೆ," ಎಂದಿದ್ದರು ಪ್ರಿನ್ಸಿಪಾಲರು. ಮೇಡಂ ತಾತ್ಕಾಲಿಕ ಉಪನ್ಯಾಸಕಿ. ಮುಂದಿನ ವರ್ಷವೂ ಕೆಲಸ ಉಳಿಯಬೇಕಾದರೆ ಪ್ರಿನ್ಸಿಪಾಲರ ಸಹಿ ಬೇಕು.

ಮಕ್ಕಳು ಕಳಿಸಿದ್ದು ಕೊನೆಯ ದಿನವೇ. ಬೆಳಿಗ್ಗೆ ಎಂಟಕ್ಕೆ ಮೇಡಂ ಗ್ರಂಥಾಲಯದ ಮೂಲೆ ಹಿಡಿದರು. ಸಂಜೆ ನಾಲ್ಕಕ್ಕೆ ಅಂಕಪಟ್ಟಿ ಕೊಡಬೇಕು. ಕೇಳಲು ಇರುವುದೂ ಸರಿಯಾಗಿ ಎಂಟು ಗಂಟೆ. ಸೀನಲೂ ಬಿಡುವಿಲ್ಲ.

ಏಳನೆಯದರಲ್ಲಿ ಹುಡುಗನೊಬ್ಬ ತನ್ನ ಅಜ್ಜಿಯನ್ನು ಸಂದರ್ಶಿಸಲು ಹೋಗಿದ್ದ. ಅಜ್ಜಿ ಇಪ್ಪತ್ತು ನಿಮಿಷವೂ ಅವನನ್ನೇ ವಿಚಾರಣೆ ಮಾಡಿದ್ದರು. ಹನ್ನೊಂದನೆಯದರಲ್ಲಿ ಫ್ಯಾನು ಮಾತ್ರ ಮಾತಾಡಿತ್ತು. ಮೇಡಂ ತಲೆ ಹಂಡೆಯಂತೆ ಗುಂಯ್‌ಗುಡುತ್ತಿತ್ತು.

ಗ್ರಂಥಪಾಲಕಿ ಬಂದು ಇಯರ್‌ಫೋನ್ ಎಳೆದರು. "ಊಟ ಆಯ್ತೇನ್ರೀ?"

"ಇನ್ನೂ ಹತ್ತು ಜನ ಇದಾರೆ ಕಣ್ರೀ."

"ಅಯ್ಯೋ, ವೇಗ ಜಾಸ್ತಿ ಮಾಡ್ರೀ!" ಎಂದು ಅವರೇ ಒತ್ತಿದರು. ಮುಂದಿನ ಇಬ್ಬರು ಡಬ್ಬಿಯಲ್ಲಿ ಸಿಕ್ಕ ಇಲಿಗಳಂತೆ ಕೀಚುಗುಟ್ಟಿದರು. ಒಂದಕ್ಷರವೂ ತಿಳಿಯದೆ ಮೇಡಂ ಎರಡನ್ನೂ ಮೊದಲಿಂದ ಕೇಳಿದರು. ದಂಡವಾದದ್ದು ಹದಿನೇಳು ನಿಮಿಷ.

ಇಪ್ಪತ್ತಮೂರು ಮುಗಿದಾಗ ನಾಲ್ಕಕ್ಕೆ ಮೂರೇ ನಿಮಿಷ. ಉಳಿದದ್ದು ಕೊನೆಯ ಬೆಂಚಿನ 'ಮೂಕಿ', ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿ. ವಿಷಯ, 'ಯಾರ ಮಾತನ್ನು ಯಾರು ಕೇಳುತ್ತಾರೆ'. ಎರಡು ನಿಮಿಷ ಕೇಳುವಷ್ಟರಲ್ಲಿ ಮೇಡಂಗೆ ಕಣ್ಣು ತುಂಬಿತು, ಅಷ್ಟು ಚೆನ್ನಾಗಿತ್ತು.

"ಹತ್ತೊಂಬತ್ತು ಹಾಕಿ ಓಡ್ರೀ ಅತ್ಲಾಗೆ!" ಗ್ರಂಥಪಾಲಕಿ ತಳ್ಳಿದರು.

ಮೇಡಂ ಹಾಕಿ ಓಡಿದರು.

ಪ್ರಿನ್ಸಿಪಾಲರು ಪಟ್ಟಿ ನೋಡಿ ಪೆನ್ನಿನ ಮುಚ್ಚಳ ತೆಗೆದರು. "ಎಲ್ಲಾನೂ ಪೂರ್ತಿ ಕೇಳಿದ್ರಾ?"

"ಹೂಂ ಸರ್," ಎಂದರು ಮೇಡಂ.

"ಭೇಷ್! ಈ ಹತ್ತೊಂಬತ್ತು ತಗೊಂಡಿರೋದನ್ನ ಹಾಕಿ, ನಾನೂ ಕೇಳ್ತೀನಿ."

ಮೇಡಂ ಹಾಕಿದರು. ಎರಡು ನಿಮಿಷ ಪ್ರಿನ್ಸಿಪಾಲರು ತಲೆದೂಗಿದರು. ಮೂರನೆಯದರಲ್ಲಿ ಹುಡುಗಿ ಮೆಲ್ಲಗೆ ಹೇಳಿದಳು: "ಇದೇ ನನ್ನ ಸಂಶೋಧನೆ. ಇನ್ಮುಂದೆ ನಾನು ಏನೂ ಮಾತಾಡಲ್ಲ. ಮೇಡಂ, ನೀವು ಇಲ್ಲೀವರೆಗೆ ಕೇಳಿದ್ರೆ ನಂಗೆ ಸೊನ್ನೆ ಕೊಡಿ."

ಮಿಕ್ಕ ಹದಿನೇಳು ನಿಮಿಷ ಬರೀ ಮೌನ. ಪ್ರಿನ್ಸಿಪಾಲರು ಪೆನ್ನಿಗೆ ಮುಚ್ಚಳ ಹಾಕಿ, ಮೇಡಂ ಮುಖವನ್ನೇ ನೋಡುತ್ತ, ಅದನ್ನು ಪೂರ್ತಿ ಕೇಳಿದರು.